1886ರ ಕಾರು ಸಾಮಾನ್ಯರ ಮನೆಗೆ ಬರಲು 1908ರವರೆಗೆ ಏಕೆ ಕಾಯಬೇಕಾಯಿತು?

ಪ್ರಶ್ನೆ: ಹಾಸನದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಹಾಸನ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ಕಳೆದ ಗುರುವಾರ ಒಂಬತ್ತನೇ ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಎರಡು ಸಾಲು ಬರೆದೆ. 1886: ಜರ್ಮನಿಯ ಕಾರ್ಲ್ ಬೆಂಜ್, ಮೋಟಾರು ಗಾಡಿಗೆ ಪೇಟೆಂಟ್. 1908: ಅಮೆರಿಕದ ಹೆನ್ರಿ ಫೋರ್ಡ್, ಮಾಡೆಲ್ ಟಿ. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸರ್, ನಡುವೆ ಇಪ್ಪತ್ತೆರಡು ವರ್ಷ ಇದೆಯಲ್ಲ, ಅಷ್ಟು ದಿನ ಕಾರು ಎಲ್ಲಿತ್ತು?" ಎಂದು ಕೇಳಿದಳು.

ಬೆಲೆ ಹೆಚ್ಚಿತ್ತು, ಶ್ರೀಮಂತರು ಮಾತ್ರ ಕೊಳ್ಳುತ್ತಿದ್ದರು ಎಂದೆ. ಬೆಲೆ ಏಕೆ ಹೆಚ್ಚಿತ್ತು ಎಂದಳು. ಒಂದೊಂದಾಗಿ ಕೈಯಲ್ಲಿ ಮಾಡುತ್ತಿದ್ದರು ಎಂದೆ. "ನಮ್ಮ ಊರಿನಲ್ಲಿ ಎತ್ತಿನ ಗಾಡಿಯನ್ನೂ ಕೈಯಲ್ಲಿಯೇ ಮಾಡುತ್ತಿದ್ದರು ಸರ್, ಅದು ಎಲ್ಲರ ಮನೆಯಲ್ಲೂ ಇತ್ತಲ್ಲ" ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. ಸೋಮವಾರ ಹೇಳುತ್ತೇನೆ ಎಂದು ಮಾತು ಕೊಟ್ಟು ಬಂದಿದ್ದೇನೆ. ಹಳೆಯ ಕಾರುಗಳನ್ನು ಹತ್ತಿರದಿಂದ ಬಲ್ಲವರು ತಿಳಿಸಬೇಕಾಗಿ ವಿನಂತಿ. ಪಠ್ಯಪುಸ್ತಕದಲ್ಲಿರುವ ಸಾಲುಗಳು ನನ್ನ ಬಳಿ ಇವೆ, ಅದಕ್ಕಿಂತ ಒಳಗಿನದು ಬೇಕು.

ಉತ್ತರ 1: ನೆಕ್ಕಾರ್ ತೀರದ ಮೈಸೂರಿನವಳು

ಮೇಷ್ಟ್ರೇ, ಆ ಹುಡುಗಿಗೆ ನನ್ನದೊಂದು ಶಹಬ್ಬಾಸ್ ತಲುಪಿಸಿ. ನಾನು ಹನ್ನೊಂದು ವರ್ಷದಿಂದ ಮಾನ್‌ಹೈಮ್‌ನಲ್ಲಿದ್ದೇನೆ. ಬೆಂಜ್ ತನ್ನ ಗಾಡಿಯನ್ನು ಕಟ್ಟಿದ್ದು ಇದೇ ಊರಿನಲ್ಲಿ. ಹೋದ ಬೇಸಿಗೆಯಲ್ಲಿ ಮೈಸೂರಿನಿಂದ ಅಮ್ಮ ಬಂದಿದ್ದಾಗ ಅವರನ್ನು ಕರೆದುಕೊಂಡು ಬರ್ಥಾ ಬೆಂಜ್ ಸ್ಮಾರಕ ಮಾರ್ಗದಲ್ಲಿ ಹೋಗಿದ್ದೆ. ಆ ದಾರಿಯಲ್ಲಿ ಕಂಡದ್ದನ್ನೇ ಹೇಳುತ್ತೇನೆ.

1886ರ ಜನವರಿ 29ರಂದು ಪೇಟೆಂಟ್ ಅರ್ಜಿ ಸಲ್ಲಿಕೆಯಾಯಿತು. ಮೂರು ಚಕ್ರ, ಒಂದು ಸಿಲಿಂಡರ್, ಒಂದು ಅಶ್ವಶಕ್ತಿಗೂ ಕಡಿಮೆ ಬಲ, ಗಂಟೆಗೆ ಸುಮಾರು 16 ಕಿಲೋಮೀಟರ್ ವೇಗ. ಗಾಡಿ ಓಡುತ್ತಿತ್ತು, ಆದರೆ ಕೊಳ್ಳುವವರು ಸಿಗಲಿಲ್ಲ. ಊರಿನೊಳಗೆ ನಾಲ್ಕು ಸುತ್ತು ಹಾಕಿ ಮನೆಗೆ ಬರುವ ಯಂತ್ರವನ್ನು ನಂಬಿ ಯಾರು ಹಣ ಕೊಡುತ್ತಾರೆ? 1888ರ ಆಗಸ್ಟ್‌ನಲ್ಲಿ ಬೆಂಜ್‌ನ ಹೆಂಡತಿ ಬರ್ಥಾ, ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಬೆಳಗಿನ ಜಾವ ಗಾಡಿ ಹೊರಡಿಸಿದಳು. ಆಗ ಅವಳಿಗೆ 39 ವರ್ಷ. ಗುರಿ ಫೋರ್ಟ್ಸ್‌ಹೈಮ್‌ನಲ್ಲಿದ್ದ ತವರುಮನೆ, ನೂರು ಕಿಲೋಮೀಟರ್‌ಗೂ ಹೆಚ್ಚು ದೂರ. ಗಂಡನ ಕಾರ್ಖಾನೆ ಮುಳುಗದಂತೆ ಹಿಂದೆ ಉಳಿಸಿದ್ದು ಅವಳ ತವರಿನ ಹಣವೇ ಆಗಿತ್ತು. ಹಾಗಾಗಿ ಆ ಗಾಡಿಯ ಮೇಲೆ ಅವಳಿಗೂ ಹಕ್ಕಿತ್ತು ಎಂದು ನಾನು ಭಾವಿಸುತ್ತೇನೆ.

ವೀಸ್ಲೊಖ್ ಎಂಬ ಊರಿನಲ್ಲಿ ಇಂಧನ ಮುಗಿಯಿತು. ಪೆಟ್ರೋಲ್ ಬಂಕ್ ಎಂಬುದೇ ಹುಟ್ಟಿರದ ಕಾಲ. ಬಟ್ಟೆಯ ಕಲೆ ತೆಗೆಯಲು ಬಳಸುತ್ತಿದ್ದ ಲಿಗ್ರೋಯಿನ್ ಎಂಬ ದ್ರವ ಔಷಧಿ ಅಂಗಡಿಯಲ್ಲಿ ಸಿಗುತ್ತಿತ್ತು, ಅದನ್ನೇ ಕೊಂಡು ತುಂಬಿಸಿದಳು. ಆ ಅಂಗಡಿಯ ಕಟ್ಟಡ ಈಗಲೂ ಇದೆ. ನಮ್ಮಮ್ಮ ಅದರ ಮುಂದೆ ನಿಂತು ಚಿತ್ರ ತೆಗೆಸಿಕೊಂಡರು. ಮುಂದೆ ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ವಿದ್ಯುತ್ ತಂತಿಯ ಹೊದಿಕೆ ಸವೆದಾಗ ಕಾಲುಚೀಲದ ಪಟ್ಟಿಯನ್ನು ಸುತ್ತಿದಳು. ಚೈನ್ ಸಡಿಲವಾದಾಗ ಕಮ್ಮಾರನ ಬಳಿ ಹೋದಳು. ಇಳಿಜಾರಿನಲ್ಲಿ ಬ್ರೇಕಿನ ಮರದ ತುಂಡು ಸವೆದುಹೋದಾಗ ಪಾದರಕ್ಷೆ ಹೊಲಿಯುವವನಿಂದ ಅದಕ್ಕೆ ಚರ್ಮ ಹೊಡೆಸಿದಳು. ಏರು ಬಂದಾಗಲೆಲ್ಲ ಮಕ್ಕಳು ಇಳಿದು ತಳ್ಳಬೇಕಾಯಿತು. ಮನೆಗೆ ಮರಳಿದ ಮೇಲೆ ಆ ಏರಿನ ಅನುಭವದಿಂದಲೇ ಗಾಡಿಗೆ ಇನ್ನೊಂದು ಕಡಿಮೆ ವೇಗದ ಗೇರ್ ಸೇರಿತು.

ಇಷ್ಟಾದರೂ 1893ರವರೆಗೆ ಆ ಮೂರು ಚಕ್ರದ ಗಾಡಿಗಳು ತಯಾರಾದದ್ದು ಸುಮಾರು 25 ಮಾತ್ರ. ಮೊದಮೊದಲು ಹೆಚ್ಚು ಕೊಂಡವರು ಫ್ರಾನ್ಸ್‌ನವರು. ಪ್ಯಾರಿಸ್ಸಿನಲ್ಲಿ ಬೆಂಜ್ ಗಾಡಿಗಳನ್ನು ಮಾರುವ ಏಜೆಂಟ್ ಇದ್ದ, ಆ ದೇಶದ ರಸ್ತೆಗಳೂ ಚೆನ್ನಾಗಿದ್ದವು. 1894ರ ವೇಲೊ ಎಂಬ ಚಿಕ್ಕ ಗಾಡಿಯಿಂದ ಬೆಂಜ್‌ನ ವ್ಯಾಪಾರ ಕುದುರಿತು. 1899ರಲ್ಲಿ ಆ ಕಂಪನಿ 572 ಗಾಡಿ ತಯಾರಿಸಿತು, ಆಗ ಅದೇ ಜಗತ್ತಿನ ಅತಿ ದೊಡ್ಡ ಕಾರು ಕಾರ್ಖಾನೆ. ವರ್ಷಕ್ಕೆ 572 ಎಂಬ ಸಂಖ್ಯೆಯನ್ನು ನಿಮ್ಮ ವಿದ್ಯಾರ್ಥಿನಿಗೆ ಹೇಳಿ. ಅವಳ ಪ್ರಶ್ನೆಯ ಗಾತ್ರ ಆಗ ಅವಳಿಗೇ ಕಾಣುತ್ತದೆ.

ಉತ್ತರ 2: ಹುಬ್ಬಳ್ಳಿ ಮಿಸ್ತ್ರಿ

ಗುರುಗಳೇ, ಮಾನ್‌ಹೈಮ್‌ನ ತಂಗಿ ಹೇಳಿದ ಕಥೆಯಲ್ಲಿಯೇ ನಿಮ್ಮ ಉತ್ತರ ಇದೆ. ದಾರಿಯುದ್ದಕ್ಕೂ ಆ ತಾಯಿ ಎಷ್ಟು ಜನರ ಬಳಿ ನಿಂತಳು ನೋಡಿ: ಔಷಧಿ ಅಂಗಡಿಯವನು, ಕಮ್ಮಾರ, ಚರ್ಮದ ಕೆಲಸದವನು. ಅವಳಿಗೆ ಬುದ್ಧಿಯಿತ್ತು, ಗಾಡಿಯ ಗುಣ ತಿಳಿದಿತ್ತು, ಊರು ಮುಟ್ಟಿದಳು. ಬೇರೆಯವರು ಆ ಗಾಡಿಯನ್ನು ಅರ್ಧ ದಾರಿಯಲ್ಲಿ ಎತ್ತು ಕಟ್ಟಿ ಎಳೆಸಬೇಕಾಗುತ್ತಿತ್ತು. ಎತ್ತಿನ ಗಾಡಿಯ ಅಚ್ಚು ಮುರಿದರೆ ಯಾವ ಊರಿನಲ್ಲಾದರೂ ಬಡಿಗರು ಒಂದು ದಿನದಲ್ಲಿ ಕೂರಿಸಿ ಕೊಡುತ್ತಿದ್ದರು. ಕಾರಿನ ಅಚ್ಚು ಮುರಿದರೆ ಅದನ್ನು ಮಾಡಿದ ಕಾರ್ಖಾನೆಗೇ ಹೋಗಬೇಕಿತ್ತು. ನಿಮ್ಮ ಹುಡುಗಿ ಕೇಳಿದ ಇಪ್ಪತ್ತೆರಡು ವರ್ಷವೂ ಜಗತ್ತು ಕಾದದ್ದು ಬಿಡಿಭಾಗಕ್ಕಾಗಿ. ಇದು ನನ್ನ ತಿಳಿವಳಿಕೆ. ಐವತ್ತು ವರ್ಷ ಕೈಗೆ ಎಣ್ಣೆ ಮಾಡಿಕೊಂಡು ಕಲಿತದ್ದು, ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

1971ರಲ್ಲಿ, ಹದಿನಾಲ್ಕನೇ ವಯಸ್ಸಿಗೆ ನಾನು ಗ್ಯಾರೇಜ್ ಸೇರಿದೆ. ಮೊದಲ ಎರಡು ವರ್ಷ ಉಸ್ತಾದರು ನನ್ನ ಕೈಗೆ ಲೋಹ ಉಜ್ಜುವ ಅರವನ್ನು ಬಿಟ್ಟು ಬೇರೇನನ್ನೂ ಕೊಡಲಿಲ್ಲ. ಗ್ಯಾರೇಜಿನ ಮೂಲೆಯಲ್ಲಿ ಒಂದು ಹಳೆಯ ವಿಲಾಯಿತಿ ಕಾರು ನಿಂತಿತ್ತು, ಮೊದಲ ಮಹಾಯುದ್ಧಕ್ಕಿಂತ ಹಿಂದಿನದು. ಅದರ ಒಂದೊಂದು ಭಾಗದ ಮೇಲೂ ಸಣ್ಣ ಅಂಕಿ ಕೊರೆದಿದ್ದರು. ಏಕೆಂದು ಕೇಳಿದೆ. ಉಸ್ತಾದರು ಉತ್ತರ ಹೇಳದೆ ಎರಡನೇ ಸಿಲಿಂಡರಿನ ವಾಲ್ವನ್ನು ಮೂರನೆಯದಕ್ಕೆ ಹಾಕಿ ನೋಡು ಎಂದರು. ಕೂರಲಿಲ್ಲ. ಕಣ್ಣಿಗೆ ಎರಡೂ ಅವಳಿ ಮಕ್ಕಳಂತೆ ಕಾಣುತ್ತಿದ್ದವು. ಅದನ್ನು ಮಾಡಿದ ಕುಶಲಕರ್ಮಿ ಪ್ರತಿಯೊಂದನ್ನೂ ಅದರದರ ಗೂಡಿಗೆ ತಕ್ಕಂತೆ ಅರ ಹಾಕಿ, ಎಲ್ಲಿ ತಾಗುತ್ತದೆ ಎಂದು ತಿಳಿಯಲು ನೀಲಿ ಬಣ್ಣ ಹಚ್ಚಿ, ಕೆರೆದು ಕೂರಿಸಿದ್ದ. ಯಾವುದು ಎಲ್ಲಿಯದು ಎಂದು ಮರೆಯದಿರಲಿ ಎಂದು ಅಂಕಿ ಕೊರೆದಿದ್ದ. ಆ ಕೆಲಸದ ಚೆಂದಕ್ಕೆ ಇವತ್ತಿಗೂ ಕೈ ಮುಗಿಯುತ್ತೇನೆ. ಆದರೆ ಹಾಗೆ ಮಾಡಿದ ನೂರು ಕಾರು ಎಂದರೆ ನೂರು ಬೇರೆ ಬೇರೆ ಕಾರು. ಒಂದು ಕಾರಿನ ತುಂಡು ಇನ್ನೊಂದಕ್ಕೆ ಆಗುವುದಿಲ್ಲ.

ಈ ಗಂಟು ಬಿಚ್ಚಿದ್ದನ್ನು ಜಗತ್ತು ಕಣ್ಣಾರೆ ಕಂಡದ್ದು 1908ರಲ್ಲಿ, ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಓಟದ ಮೈದಾನದಲ್ಲಿ. ಅಮೆರಿಕದ ಮೂರು ಕ್ಯಾಡಿಲಾಕ್ ಕಾರುಗಳನ್ನು ಅಲ್ಲಿನ ರಾಯಲ್ ಆಟೊಮೊಬೈಲ್ ಕ್ಲಬ್ಬಿನವರು ಪೂರ್ತಿ ಬಿಚ್ಚಿಸಿ ಭಾಗಗಳನ್ನೆಲ್ಲ ಕಲಸಿಬಿಟ್ಟರು. 89 ಭಾಗಗಳನ್ನು ತೆಗೆದಿಟ್ಟು, ಅವುಗಳ ಬದಲಿಗೆ ಅಂಗಡಿಯ ದಾಸ್ತಾನಿನಿಂದ ಹೊಸದನ್ನು ತಂದಿಟ್ಟರು. ನಂತರ ಫಿಟರ್‌ಗಳಿಗೆ ಸ್ಪ್ಯಾನರ್ ಮತ್ತು ಸ್ಕ್ರೂಡ್ರೈವರ್ ಕೊಟ್ಟು, ಆ ರಾಶಿಯಿಂದ ಮೂರು ಕಾರು ಕಟ್ಟಿ ಎಂದರು. ಅರ ಮುಟ್ಟುವಂತಿರಲಿಲ್ಲ. ಕಟ್ಟಿದ ಮೂರೂ ಕಾರುಗಳು 500 ಮೈಲಿ ಓಡಿದವು. ಆ ಸಾಧನೆಗೆ ಕ್ಲಬ್ಬಿನ ಡ್ಯೂವರ್ ಟ್ರೋಫಿ ಬಂತು. ಕ್ಯಾಡಿಲಾಕ್‌ನ ಹೆನ್ರಿ ಲೀಲ್ಯಾಂಡ್ ಮೊದಲು ಬಂದೂಕು ಮತ್ತು ಅಳತೆಯ ಉಪಕರಣಗಳನ್ನು ತಯಾರಿಸುವ ಕಾರ್ಖಾನೆಗಳಲ್ಲಿ ಪಳಗಿದ್ದವರು. ಒಂದು ಬಂದೂಕಿನ ಕುದುರೆ ಇನ್ನೊಂದು ಬಂದೂಕಿಗೆ ಕೂರಬೇಕು ಎಂಬ ಶಿಸ್ತು ಅಲ್ಲಿಂದ ಕಾರಿಗೆ ಬಂತು. ಈ ಪರೀಕ್ಷೆಯ ಕಥೆಯನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ ಗುರುಗಳೇ. ಉಸ್ತಾದರು ವಾಲ್ವ್ ಕೈಗೆ ಕೊಟ್ಟ ಆ ದಿನದ ಅರ್ಥ ಅಂದು ತಿಳಿಯಿತು.

ಅದೇ ವರ್ಷ ಅಕ್ಟೋಬರ್‌ನಲ್ಲಿ ಫೋರ್ಡ್ ಮಾಡೆಲ್ ಟಿ ಬಂತು. ಬೆಲೆ 850 ಡಾಲರ್. ನಾಲ್ಕು ಸಿಲಿಂಡರ್ ಒಂದೇ ಎರಕದಲ್ಲಿ, ಮೇಲಿನ ಹೆಡ್ ಬೋಲ್ಟ್ ಬಿಚ್ಚಿದರೆ ಕಳಚಿ ಬರುತ್ತಿತ್ತು, 20 ಅಶ್ವಶಕ್ತಿ. ಹಗುರವಾದ ಮತ್ತು ಗಟ್ಟಿಯಾದ ವೆನೇಡಿಯಂ ಉಕ್ಕು. ಮುಂದೆ ಒಂದು, ಹಿಂದೆ ಒಂದು ಅಡ್ಡ ಪಟ್ಟಾ ಸ್ಪ್ರಿಂಗ್, ಹಾಗಾಗಿ ಒಂದು ಚಕ್ರ ಹಳ್ಳಕ್ಕಿಳಿದರೂ ಗಾಡಿ ಮೈ ತಿರುಚಿಕೊಂಡು ಎದ್ದು ಬರುತ್ತಿತ್ತು. ಮೊದಮೊದಲ ಕೆಲವು ಗಾಡಿಗಳನ್ನು ಬಿಟ್ಟರೆ ನೀರಿನ ಪಂಪ್ ಇಲ್ಲ, ಕಾದ ನೀರು ತಾನೇ ಮೇಲೇರಿ ರೇಡಿಯೇಟರಿನಲ್ಲಿ ತಣಿದು ಕೆಳಗಿಳಿಯುತ್ತಿತ್ತು. ಪೆಟ್ರೋಲ್ ಪಂಪ್ ಕೂಡ ಇಲ್ಲ, ಸೀಟಿನ ಕೆಳಗಿನ ಟ್ಯಾಂಕಿನಿಂದ ಇಳಿಜಾರಿಗೆ ಹರಿದು ಬರುತ್ತಿತ್ತು. ಟ್ಯಾಂಕಿನಲ್ಲಿ ಎಣ್ಣೆ ಕಡಿಮೆಯಿದ್ದಾಗ ಕಡಿದಾದ ಏರು ಬಂದರೆ ಗಾಡಿಯನ್ನು ತಿರುಗಿಸಿ ಹಿಮ್ಮುಖವಾಗಿ ಹತ್ತಿಸುತ್ತಿದ್ದರು. ಇಲ್ಲದ ವಸ್ತು ಕೆಡುವುದಿಲ್ಲವಲ್ಲ. ಅಮೆರಿಕದ ರೈತರು ಇದನ್ನು ಮನೆಯಲ್ಲಿಯೇ ಬಿಚ್ಚಿ ಕಟ್ಟುತ್ತಿದ್ದರು. ಹಿಂದಿನ ಚಕ್ರವನ್ನು ಜ್ಯಾಕ್ ಮೇಲೆ ಎತ್ತಿ ಬೆಲ್ಟ್ ಹಾಕಿ ಕಟ್ಟಿಗೆ ಕೊಯ್ಯುತ್ತಿದ್ದರು, ನೀರು ಎತ್ತುತ್ತಿದ್ದರು.

ಮುಂದಿನದು ನಿಮ್ಮ ಪಠ್ಯಪುಸ್ತಕದಲ್ಲಿರುವ ಸಂಗತಿ, ಚಲಿಸುವ ಜೋಡಣಾ ಸಾಲು. 1913ರಲ್ಲಿ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಮೊದಲು ಮ್ಯಾಗ್ನೆಟೊ, ಅಂದರೆ ಎಂಜಿನ್ನಿನ ಕಿಡಿಗೆ ವಿದ್ಯುತ್ ಕೊಡುವ ಭಾಗದ ಜೋಡಣೆಯಲ್ಲಿ ಪ್ರಯತ್ನಿಸಿದರು. ಒಬ್ಬನೇ ಕುಳಿತು 20 ನಿಮಿಷದಲ್ಲಿ ಮಾಡುತ್ತಿದ್ದ ಕೆಲಸವನ್ನು ಸಾಲಾಗಿ ನಿಂತವರಿಗೆ ಹಂಚಿದಾಗ ಅದು 13 ನಿಮಿಷಕ್ಕೆ ಇಳಿಯಿತು, ಆಮೇಲೆ 5 ನಿಮಿಷಕ್ಕೆ. ಪೂರ್ತಿ ಚಾಸಿಸ್, ಅಂದರೆ ಗಾಡಿಯ ಅಡಿಕಟ್ಟಿನ ಜೋಡಣೆ ಹನ್ನೆರಡೂವರೆ ಗಂಟೆಯಿಂದ 93 ನಿಮಿಷಕ್ಕೆ ಬಂತು. ಆದರೆ ಮಕ್ಕಳಿಗೆ ಒಂದು ಮಾತು ತಪ್ಪದೆ ಹೇಳಿ. ಸಾಲು ಓಡಬೇಕಾದರೆ ಮೊದಲು ಭಾಗಗಳು ಒಂದೇ ಅಳತೆಯಲ್ಲಿರಬೇಕು. ಸಾಲಿನಲ್ಲಿ ನಿಂತವನು ಅರ ಹಿಡಿದರೆ ಅವನ ಹಿಂದಿನ ನೂರು ಜನ ಸುಮ್ಮನೆ ನಿಲ್ಲಬೇಕಾಗುತ್ತದೆ. 1925ರ ಹೊತ್ತಿಗೆ ಎರಡು ಸೀಟಿನ ಟಿ 260 ಡಾಲರಿಗೆ ಸಿಗುತ್ತಿತ್ತು. 1927ರ ಮೇ ತಿಂಗಳಲ್ಲಿ ಒಂದೂವರೆ ಕೋಟಿಯ ಗಾಡಿ ಹೊರಬಂತು.

ಕೈಕೆಲಸದವನಾಗಿ ಇದರ ಇನ್ನೊಂದು ಮುಖವನ್ನೂ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ದಿನವಿಡೀ ಒಂದೇ ನಟ್ಟನ್ನು ತಿರುಗಿಸುವ ಆ ಕೆಲಸವನ್ನು ತಾಳಲಾರದೆ ಜನ ಬಿಟ್ಟು ಓಡುತ್ತಿದ್ದರು. 1913ರಲ್ಲಿ ಸುಮಾರು 14,000 ಜಾಗಗಳನ್ನು ತುಂಬಿಟ್ಟುಕೊಳ್ಳಲು ಫೋರ್ಡ್ 52,000ಕ್ಕೂ ಹೆಚ್ಚು ಜನರನ್ನು ಸೇರಿಸಿಕೊಳ್ಳಬೇಕಾಯಿತು. 1914ರ ಜನವರಿಯಲ್ಲಿ ದಿನಕ್ಕೆ 5 ಡಾಲರ್ ಕೂಲಿ ಘೋಷಿಸಿದ್ದರ ಹಿಂದೆ ಈ ಕಾರಣವಿತ್ತು. ನನ್ನ ಉಸ್ತಾದರಂಥವರನ್ನು ಆ ಸಾಲಿನಲ್ಲಿ ನಿಲ್ಲಿಸಿದ್ದರೆ ಮೂರು ದಿನವೂ ನಿಲ್ಲುತ್ತಿರಲಿಲ್ಲ.

ಇನ್ನು ನನ್ನದೇ ಅನುಭವ. ಧಾರವಾಡದ ಒಂದು ಮನೆಯಲ್ಲಿ 1923ರ ಟಿ ಇತ್ತು. 1989ರಲ್ಲಿ ಅದನ್ನು ನಾನು ಕೊಂಡೆ. ಸ್ಟೀರಿಂಗ್ ಬಲಗಡೆ ಇದೆ, ಏಕೆಂದರೆ ನಮ್ಮ ದೇಶಕ್ಕೆ ಟಿ ಬರುತ್ತಿದ್ದದ್ದು ಕೆನಡಾದಿಂದ. ಬ್ರಿಟನ್ ಒಂದನ್ನು ಬಿಟ್ಟು ಬ್ರಿಟಿಷ್ ಸಾಮ್ರಾಜ್ಯದ ಮಾರುಕಟ್ಟೆಯನ್ನು ಫೋರ್ಡ್ ಕಂಪನಿ ತನ್ನ ಕೆನಡಾ ಶಾಖೆಗೆ ಬಿಟ್ಟುಕೊಟ್ಟಿತ್ತು. ಬ್ರಿಟನ್ನಿಗಾಗಿ 1911ರಲ್ಲಿಯೇ ಮ್ಯಾಂಚೆಸ್ಟರ್ ಬಳಿ ಬೇರೆ ಕಾರ್ಖಾನೆ ತೆರೆದಿದ್ದರು. ನಾನು ಕೊಂಡಾಗ ನನ್ನ ಗಾಡಿಯ ಹಿಂದಿನ ಚಕ್ರ ತಿರುಗಿಸುವ ಆಕ್ಸಲ್ ಶಾಫ್ಟ್ ತುಂಡಾಗಿತ್ತು. ನಾಲ್ಕು ತಿಂಗಳು ಅಲೆದು, ಮೀರಜ್‌ನ ಗುಜರಿಯಲ್ಲಿ ಬೇರೊಂದು ವರ್ಷದ ಟಿಯ ಶಾಫ್ಟ್ ಸಿಕ್ಕಿತು. ತುಕ್ಕು ಉಜ್ಜಿ, ಎಣ್ಣೆ ಸವರಿ ತೂರಿಸಿದೆ. ಅರ ಪೆಟ್ಟಿಗೆಯಲ್ಲಿಯೇ ಉಳಿಯಿತು. ಅಮೆರಿಕ ಖಂಡದಲ್ಲಿ ಯಾರೋ ಎಂದೋ ಮಾಡಿದ ತುಂಡು ಹುಬ್ಬಳ್ಳಿಯಲ್ಲಿ ನನ್ನ ಕೈಯಿಂದ ಸದ್ದಿಲ್ಲದೆ ತನ್ನ ಜಾಗಕ್ಕೆ ಹೋಗಿ ಕುಳಿತುಕೊಂಡಿತು. ನಿಮ್ಮ ಹುಡುಗಿಗೆ ಹೇಳಲು ನನ್ನ ಬಳಿ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಉತ್ತರ 3: ವಕೀಲ, ಬಸವನಗುಡಿ

ಮಿಸ್ತ್ರಿಯವರ ಬರಹ ಓದಿ ಮನಸ್ಸು ತುಂಬಿತು. ಕಾನೂನಿನ ಕಡೆಯಿಂದ ಒಂದು ಅಡ್ಡಿಯನ್ನು ಸೇರಿಸುತ್ತೇನೆ. ಬ್ರಿಟನ್ನಿನ 1865ರ ಕಾಯ್ದೆಯ ಪ್ರಕಾರ ಯಂತ್ರದ ಗಾಡಿ ಗಂಟೆಗೆ 4 ಮೈಲಿಗಿಂತ, ಊರೊಳಗೆ 2 ಮೈಲಿಗಿಂತ ವೇಗವಾಗಿ ಹೋಗುವಂತಿರಲಿಲ್ಲ. 60 ಗಜ ಮುಂದೆ ಒಬ್ಬ ಮನುಷ್ಯ ಕೆಂಪು ಬಾವುಟ ಹಿಡಿದು ನಡೆಯಬೇಕಿತ್ತು. 1896ರವರೆಗೂ ಬಾವುಟ ಹಿಡಿಯುತ್ತಿದ್ದರು ಎಂದು ಅನೇಕರು ಬರೆಯುತ್ತಾರೆ, ಅದು ಸರಿಯಲ್ಲ. ಬಾವುಟದ ಕಡ್ಡಾಯ 1878ರಲ್ಲಿಯೇ ಸಡಿಲವಾಯಿತು. ಆದರೆ ಮುಂದೆ ನಡೆಯುವ ಮನುಷ್ಯ 1896ರವರೆಗೂ ಉಳಿದ. ಆ ವರ್ಷ ಕಾಯ್ದೆ ಬದಲಾದಾಗ ನವೆಂಬರ್ 14ರಂದು ಲಂಡನ್ನಿನಿಂದ ಬ್ರೈಟನ್‌ಗೆ ಕಾರುಗಳ ಮೆರವಣಿಗೆ ಹೊರಟಿತು. ಅದರ ನೆನಪಿಗೆ ಪ್ರತಿ ನವೆಂಬರ್‌ನಲ್ಲಿ 1905ಕ್ಕಿಂತ ಹಿಂದಿನ ಕಾರುಗಳು ಇಂದಿಗೂ ಆ ದಾರಿಯಲ್ಲಿ ಓಡುತ್ತವೆ. ಜರ್ಮನಿ ಮತ್ತು ಫ್ರಾನ್ಸ್ ಹತ್ತು ವರ್ಷ ಮುಂದೆ ಹೋದದ್ದರಲ್ಲಿ ಈ ಕಾಯ್ದೆಯ ಪಾಲು ದೊಡ್ಡದು.

'ವಿಂಟೇಜ್' ಎಂಬ ಪದವನ್ನು ಪಾಠದಲ್ಲಿ ಬಳಸುವುದಾದರೆ ಎಚ್ಚರ ಬೇಕು. ಬ್ರಿಟನ್ನಿನ ಹವ್ಯಾಸಿಗಳ ಲೆಕ್ಕದಲ್ಲಿ 1919ರಿಂದ 1930ರ ಕೊನೆಯವರೆಗಿನ ಕಾರು ಮಾತ್ರ ವಿಂಟೇಜ್. ನಮ್ಮ ದೇಶದ 2021ರ ನಿಯಮದಲ್ಲಿ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪ ಕೆಡದ ವಾಹನವೆಲ್ಲ ವಿಂಟೇಜ್. ಅಂಥ ವಾಹನಕ್ಕೆ 'ವಿಎ' ಅಕ್ಷರಗಳಿರುವ ನೋಂದಣಿ ಸಂಖ್ಯೆ ಸಿಗುತ್ತದೆ. ಮಿಸ್ತ್ರಿಯವರ ಟಿ ಎರಡೂ ಲೆಕ್ಕಕ್ಕೆ ಸೇರುತ್ತದೆ, ಬೆಂಜ್‌ನ ಮೂರು ಚಕ್ರದ ಗಾಡಿ ಬ್ರಿಟನ್ನಿನ ಲೆಕ್ಕಕ್ಕೆ ಸೇರುವುದಿಲ್ಲ.

ಹಾಸನದ ಮೇಷ್ಟ್ರು

ಎಲ್ಲರಿಗೂ ಋಣಿ. ಸೋಮವಾರ ತರಗತಿಯಲ್ಲಿ ಮಿಸ್ತ್ರಿಗಳ ವಾಲ್ವಿನ ಪ್ರಸಂಗವನ್ನೇ ಹೇಳಿದೆ. ಎರಡು ಪೆನ್ನು ತೆಗೆದುಕೊಂಡು ಮುಚ್ಚಳ ಅದಲುಬದಲು ಮಾಡಿ ತೋರಿಸಿದೆ, ಕೂತವು. ಒಬ್ಬ ಬಡಿಗರ ಮಗ ಎದ್ದು, ತನ್ನ ತಂದೆ ಮಾಡಿದ ಎರಡು ಪೆಟ್ಟಿಗೆಗಳ ಮುಚ್ಚಳ ಹೀಗೆ ಕೂರುವುದಿಲ್ಲ ಎಂದ. ಅಲ್ಲಿಗೆ ಪಾಠ ಮುಗಿದಂತೆಯೇ ಆಯಿತು. ಆದರೆ ಆ ಹುಡುಗಿ ಮತ್ತೆ ಎದ್ದಳು. ಆಗ ವಿದ್ಯುತ್ ಕಾರು ಇರಲಿಲ್ಲವೇ ಎಂದು ಕೇಳಿದಳು. ಅವಳ ಅಕ್ಕ ಬೆಂಗಳೂರಿನಲ್ಲಿ ಬ್ಯಾಟರಿ ಸ್ಕೂಟರ್ ಓಡಿಸುತ್ತಾಳಂತೆ. ಮಿಸ್ತ್ರಿಗಳೇ, ಇದಕ್ಕೂ ನೀವೇ ಹೇಳಬೇಕು.

ಹುಬ್ಬಳ್ಳಿ ಮಿಸ್ತ್ರಿ

ಇತ್ತು ಗುರುಗಳೇ, ಚೆನ್ನಾಗಿಯೇ ಇತ್ತು. 1900ರಲ್ಲಿ ಅಮೆರಿಕದಲ್ಲಿ ತಯಾರಾದ 4,192 ಕಾರುಗಳಲ್ಲಿ ಹಬೆಯವು 1,681, ವಿದ್ಯುತ್ತಿನವು 1,575, ಪೆಟ್ರೋಲಿನವು 936 ಮಾತ್ರ. ಪೆಟ್ರೋಲ್ ಕೊನೆಯ ಸ್ಥಾನದಲ್ಲಿತ್ತು ಎಂದರೆ ಇಂದಿನ ಮಕ್ಕಳು ನಂಬಲಾರರು.

ಹಬೆಯ ಗಾಡಿಗೆ ಬಲ ಹೆಚ್ಚು, ಆದರೆ ಬಾಯ್ಲರ್ ಕಾಯಬೇಕು, ನೀರು ತುಂಬುತ್ತಲೇ ಇರಬೇಕು. 1894ರಲ್ಲಿ ಪ್ಯಾರಿಸ್‌ನಿಂದ ರೂವಾನ್‌ಗೆ ನಡೆದ ಸ್ಪರ್ಧೆಯಲ್ಲಿ ಮೊದಲು ತಲುಪಿದ್ದು ಡಿ ಡಿಯೋನ್‌ನ ಹಬೆಯ ಗಾಡಿ. ಬೆಂಕಿಗೆ ಕಲ್ಲಿದ್ದಲು ಹಾಕಲು ಒಬ್ಬ ಬೇರೆ ಆಳು ಬೇಕೆಂಬ ಕಾರಣಕ್ಕೆ ಮೊದಲ ಬಹುಮಾನವನ್ನು ಅದಕ್ಕೆ ಕೊಡದೆ, ಪೆಟ್ರೋಲಿನ ಪೂಜೊ ಮತ್ತು ಪನ್ಹಾರ್ ಗಾಡಿಗಳಿಗೆ ಹಂಚಿದರು. ವಿದ್ಯುತ್ ಗಾಡಿ ಸದ್ದಿಲ್ಲ, ಹೊಗೆಯಿಲ್ಲ, ಗುಂಡಿ ಒತ್ತಿದರೆ ಹೊರಡುತ್ತಿತ್ತು. ಹೆನ್ರಿ ಫೋರ್ಡ್‌ನ ಹೆಂಡತಿ ಕ್ಲಾರಾ ಸ್ವತಃ ಓಡಿಸುತ್ತಿದ್ದದ್ದು ಡೆಟ್ರಾಯಿಟ್ ಇಲೆಕ್ಟ್ರಿಕ್ ಎಂಬ ಬ್ಯಾಟರಿ ಕಾರು. ಆದರೆ ಬ್ಯಾಟರಿ ಭಾರ, ಹೋಗುವ ದೂರ ಕಡಿಮೆ, ಹಳ್ಳಿಗಳಲ್ಲಿ ಕರೆಂಟೇ ಇರಲಿಲ್ಲ. ಪೆಟ್ರೋಲನ್ನಾದರೆ ಡಬ್ಬಿಯಲ್ಲಿ ಒಯ್ಯಬಹುದು. 1901ರಲ್ಲಿ ಟೆಕ್ಸಾಸ್‌ನ ಸ್ಪಿಂಡಲ್‌ಟಾಪ್‌ನಲ್ಲಿ ದೊಡ್ಡ ಎಣ್ಣೆ ಬಾವಿ ಚಿಮ್ಮಿದ ಮೇಲೆ ಎಣ್ಣೆಗೆ ಬರವೂ ಇರಲಿಲ್ಲ.

ಪೆಟ್ರೋಲ್ ಗಾಡಿಗೆ ಉಳಿದಿದ್ದ ದೊಡ್ಡ ತೊಡಕು ಎಂಜಿನ್ ಹೊರಡಿಸಲು ಮುಂದಿನಿಂದ ಕೈಯಲ್ಲಿ ಹ್ಯಾಂಡಲ್ ಹೊಡೆಯುವುದು. ಕಿಡಿ ಬೇಗ ಹೊತ್ತಿದರೆ ಹ್ಯಾಂಡಲ್ ಹಿಂದಕ್ಕೆ ಒದ್ದು ಕೈ ಮುರಿಯುತ್ತದೆ. ನನ್ನ ಬಲ ಮಣಿಕಟ್ಟು ಎರಡು ಸಲ ಪಟ್ಟಿ ಕಂಡಿದೆ. 1912ರ ಕ್ಯಾಡಿಲಾಕ್‌ನಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಬಂದ ಮೇಲೆ ಆ ಭಯ ಹೋಯಿತು. ಬ್ಯಾಟರಿ ಕಾರಿನ ಕೊನೆಯ ಅನುಕೂಲವನ್ನೂ ಪೆಟ್ರೋಲ್ ಕಾರು ಹೀಗೆ ಕಿತ್ತುಕೊಂಡಿತು, ಅದೂ ಒಂದು ಬ್ಯಾಟರಿಯ ಸಹಾಯದಿಂದಲೇ.

ಗುರುಗಳೇ, ದಸರಾ ರಜೆಯಲ್ಲಿ ಮಕ್ಕಳನ್ನು ಹುಬ್ಬಳ್ಳಿಗೆ ಕರೆದುಕೊಂಡು ಬನ್ನಿ. ನನ್ನ ಟಿಯಲ್ಲಿ ಸ್ಟಾರ್ಟರ್ ಇಲ್ಲ, ಹ್ಯಾಂಡಲ್ಲೇ ಗತಿ. ಪೆಡಲ್ ಮೂರಿವೆ, ಆದರೆ ಇಂದಿನ ಕಾರಿನ ಹಾಗಲ್ಲ: ಎಡದ್ದು ಗೇರಿಗೆ, ನಡುವಿನದು ಹಿಂದಕ್ಕೆ ಹೋಗಲು, ಬಲದ್ದು ಬ್ರೇಕಿಗೆ. ವೇಗ ಹೆಚ್ಚಿಸುವುದು ಸ್ಟೀರಿಂಗಿನ ಕೆಳಗಿನ ಸಣ್ಣ ಕಡ್ಡಿಯಿಂದ. ಆ ಹುಡುಗಿಯನ್ನು ಮೊದಲು ಸ್ಟೀರಿಂಗ್ ಹಿಂದೆ ಕೂರಿಸಿ ಕಿಡಿ ತಡವಾಗಿ ಹೊತ್ತುವಂತೆ ಕಿಡಿಯ ಕಡ್ಡಿಯನ್ನು ಪೂರ್ತಿ ತಡಕ್ಕೆ ಇಡಲು ಹೇಳಿಕೊಡುತ್ತೇನೆ. ಹ್ಯಾಂಡಲ್ ನಾನೇ ಹೊಡೆಯುತ್ತೇನೆ. ನೋಡಲು ನಿಂತ ಮಕ್ಕಳಿಗೆ ಇಷ್ಟು ಹೇಳಿಟ್ಟಿರಿ: ಹಿಡಿಕೆಯನ್ನು ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲಿಯೇ ಇರಬೇಕು, ಸುತ್ತಿ ಹಿಡಿಯಬಾರದು. ಎಳೆಯುವುದು ಯಾವಾಗಲೂ ಕೆಳಗಿನಿಂದ ಮೇಲಕ್ಕೆ.